94ರಲ್ಲೇ ನಿಂತ ನೆಟ್‌ವರ್ಕ್: 100, 1000 ಎರಡೂ ಇರುವ ಮನೆಯ ರಿಪೇರಿ ಲಾಗ್

ಜಾಗ: ಬೆಂಗಳೂರಿನ ಒಂದು ಮನೆ, ಕೆಳಗೆ ಹಾಲ್, ಮೇಲೆ ಒಂದು ಮಹಡಿ. ಫೈಬರ್ ಕನೆಕ್ಷನ್, ಪ್ಲಾನ್ 300 ಎಂಬಿಪಿಎಸ್. ದೂರು ಮೂರು. ಕೇಬಲ್ ಹಾಕಿದ ಕಂಪ್ಯೂಟರಿನಲ್ಲೂ ಇಂಟರ್ನೆಟ್ 94 ದಾಟುವುದಿಲ್ಲ. ಟಿವಿಯಲ್ಲಿ ಸಿನಿಮಾ ಓಡುತ್ತಿದ್ದರೆ ನ್ಯಾಸ್‌ನಿಂದ (ಮನೆಯ ಫೈಲುಗಳನ್ನೆಲ್ಲ ಇಟ್ಟು ನೆಟ್‌ವರ್ಕಿನಲ್ಲಿ ಹಂಚುವ ಯಂತ್ರ) ಕಂಪ್ಯೂಟರಿಗೆ ಫೈಲ್ ಕಾಪಿ ಕುಂಟುತ್ತದೆ. ಸಿಸಿಟಿವಿ ರೆಕಾರ್ಡರಿನಿಂದ ಹಳೆಯ ಕ್ಲಿಪ್ ತೆಗೆಯಲು ಹೋದರೆ ನಿಂತು ನಿಂತು ಬರುತ್ತದೆ.

ಕೇಳಿದವರೆಲ್ಲ ಹೇಳಿದ್ದು "ರೌಟರ್ ಬದಲಿಸಿ" ಅಂತ. ರೌಟರ್ ಬದಲಿಸಿಲ್ಲ, ಈಗಲೂ ಅದೇ ಇದೆ. ಹಿಡಿದ ಸಮಯ ನಾಲ್ಕು ದಿನ, ಖರ್ಚು ₹4,040. ಅದರಲ್ಲಿ ₹1,500 ತಪ್ಪು ಅಂದಾಜಿಗೆ ಕೊಟ್ಟ ದಂಡ. ಎಲ್ಲಿ ಹೋಯಿತು ಎಂಬುದು ಕೆಳಗಿದೆ.

ಇನ್ನೊಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ: ಒಂದು 100ರ (ಎಂಬಿಪಿಎಸ್) ಸಾಧನ ಸಿಕ್ಕಿಸಿದರೆ ಇಡೀ ಸ್ವಿಚ್ (ಹಲವು ಸಾಧನಗಳ ಕೇಬಲ್ ಸೇರಿಸುವ ಡಬ್ಬಿ) 100ಕ್ಕೆ ಇಳಿಯುತ್ತದೆ ಅಂತ. ಹಳೆಯ ಹಬ್‌ಗಳಲ್ಲಿ ಎಲ್ಲ ಪೋರ್ಟೂ ಒಂದೇ ವೇಗವನ್ನು ಹಂಚಿಕೊಳ್ಳುತ್ತಿದ್ದವು. ಸ್ವಿಚ್‌ನಲ್ಲಿ ಪ್ರತಿ ಪೋರ್ಟೂ ತನ್ನ ಎದುರಿನವರ ಜೊತೆ ಬೇರೆಯಾಗಿಯೇ ವೇಗ ಮಾತಾಡಿಕೊಳ್ಳುತ್ತದೆ. ಹಾಗಿದ್ದರೂ ನಿಧಾನದ ಸಾಧನ ಬೇರೆಯವರನ್ನು ಎಳೆದು ಹಾಕುವ ಒಂದು ದಾರಿ ನಿಜವಾಗಿಯೂ ಇದೆ. ಈ ಮನೆಯಲ್ಲಿ ಅದೂ ಸಿಕ್ಕಿತು, ಹಂತ 4ರಲ್ಲಿ ಇದೆ.

ಹಂತ 0. ಯಾವುದನ್ನೂ ಮುಟ್ಟುವ ಮೊದಲು (ಶನಿವಾರ ಬೆಳಗ್ಗೆ)

ಒಂದು ಹಾಳೆಯಲ್ಲಿ ಪ್ರತಿ ಕೇಬಲ್ ಎಲ್ಲಿಂದ ಎಲ್ಲಿಗೆ ಎಂದು ಬರೆದು, ಪಕ್ಕದಲ್ಲಿ ಅದರ ಲಿಂಕ್ ಸ್ಪೀಡ್ (ಎರಡು ತುದಿಯ ಸಾಧನಗಳು ಒಪ್ಪಿಕೊಂಡ ವೇಗ, ಎಂಬಿಪಿಎಸ್‌ನಲ್ಲಿ) ಬರೆದದ್ದು. ಅರ್ಧ ಗಂಟೆಯ ಕೆಲಸ. ಮುಂದಿನ ನಾಲ್ಕು ದಿನ ಈ ಹಾಳೆಯೇ ದಾರಿ ತೋರಿಸಿತು.

ಲಿಂಕ್ ಸ್ಪೀಡ್ ನೋಡುವುದು ಹೀಗೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟದಲ್ಲೇ ಬರೆದಿರುತ್ತದೆ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಕಮಾಂಡಿಗೆ ಇಂಟರ್‌ಫೇಸ್ ಹೆಸರು ಕೊಟ್ಟರೆ ಸ್ಪೀಡ್, ಡ್ಯೂಪ್ಲೆಕ್ಸ್ (ಎರಡೂ ಕಡೆ ಒಟ್ಟಿಗೆ ಕಳಿಸಬಹುದಾದರೆ ಫುಲ್, ಸರದಿಯಾದರೆ ಹಾಫ್) ಎರಡೂ ಬರುತ್ತವೆ. ರೌಟರಿನ ಅಡ್ಮಿನ್ ಪುಟದಲ್ಲಿ ಸಾಮಾನ್ಯವಾಗಿ ಪೋರ್ಟ್ ಸ್ಥಿತಿ ಇರುತ್ತದೆ. ಸ್ವಿಚ್‌ನಲ್ಲಿ ದೀಪ ಬಿಟ್ಟರೆ ಬೇರೇನೂ ಇಲ್ಲ. ದೀಪದ ಬಣ್ಣ ನೋಡಿ ತೀರ್ಮಾನ ಮಾಡುವ ಮೊದಲು ಆ ಸ್ವಿಚ್‌ನ ಕೆಳಗಿನ ಚೀಟಿ ಓದಿ. ಒಂದು ಕಂಪನಿಯಲ್ಲಿ ಹಸಿರು ಎಂದರೆ 1000, ಇನ್ನೊಂದರಲ್ಲಿ ಬರೀ "ಕನೆಕ್ಟ್ ಆಗಿದೆ".

ಹಾಳೆಯಲ್ಲಿ ಬಂದದ್ದು:

ಓಎನ್‌ಟಿಯಿಂದ (ಫೈಬರ್ ಬಂದು ಸೇರುವ ಡಬ್ಬಿ) ರೌಟರಿನ ವ್ಯಾನ್ (ಇಂಟರ್ನೆಟ್ ಕಡೆಯ) ಪೋರ್ಟಿಗೆ: 100
ರೌಟರಿನ ಪೋರ್ಟ್ 1ರಿಂದ ನ್ಯಾಸ್‌ಗೆ: 1000
ರೌಟರಿನ ಪೋರ್ಟ್ 2ರಿಂದ ಹಾಲಿನ ಕಂಪ್ಯೂಟರಿಗೆ: 1000
ರೌಟರಿನ ಪೋರ್ಟ್ 3ರಿಂದ ಟಿವಿಗೆ: 100
ರೌಟರಿನ ಪೋರ್ಟ್ 4ರಿಂದ ಗೋಡೆಯೊಳಗೆ ಹಾದು ಮೇಲಿನ ಐದು ಪೋರ್ಟಿನ ಸ್ವಿಚ್‌ಗೆ: 100
ಮೇಲಿನ ಸ್ವಿಚ್‌ನಿಂದ ಕಂಪ್ಯೂಟರಿಗೆ 1000, ಸಿಸಿಟಿವಿ ರೆಕಾರ್ಡರಿಗೆ 100, ಪ್ರಿಂಟರಿಗೆ 100

ಇದರಲ್ಲಿ ಟಿವಿ, ರೆಕಾರ್ಡರ್, ಪ್ರಿಂಟರ್ 100 ಇರುವುದು ದೋಷವಲ್ಲ. 4ಕೆ ಟಿವಿಗಳಲ್ಲೂ ಹೆಚ್ಚಿನವಕ್ಕೆ ಲ್ಯಾನ್ ಪೋರ್ಟ್ ಇರುವುದೇ 100ರದ್ದು. ಮನೆಬಳಕೆಯ ಪ್ರಿಂಟರೂ ಹಾಗೆಯೇ. ಎರಡೂ ತುದಿಯಲ್ಲಿ ಗಿಗಾಬಿಟ್ (1000ದ) ಪೋರ್ಟ್ ಇದ್ದು, ನಡುವೆ 100 ಬಂದರೆ ಅದು ದೋಷ. ಅಂಥವು ಎರಡು: ಓಎನ್‌ಟಿ ಮತ್ತು ರೌಟರ್ ನಡುವೆ, ರೌಟರ್ ಮತ್ತು ಮೇಲಿನ ಸ್ವಿಚ್ ನಡುವೆ.

ಹಂತ 1. ಅಳತೆ

ಇಂಟರ್ನೆಟ್ ಸ್ಪೀಡ್ ಟೆಸ್ಟಿನಿಂದ ಶುರು ಮಾಡಬೇಡಿ. ಅದರಲ್ಲಿ ಮನೆಯೊಳಗಿನದು, ಹೊರಗಿನದು, ವೈ-ಫೈ ಎಲ್ಲ ಕಲಸಿಹೋಗುತ್ತದೆ. ಎರಡು ಕಂಪ್ಯೂಟರುಗಳ ನಡುವಿನ ವೇಗ ಅಳೆಯುವ ಐಪರ್ಫ್3 ಉಚಿತ. ನ್ಯಾಸ್‌ನಲ್ಲಿ (ಇಲ್ಲಿ ಅದು ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪ್) ಸರ್ವರ್ ಆಗಿ ಓಡಿಸಿ, ಬೇರೆ ಕಂಪ್ಯೂಟರಿನಿಂದ 30 ಸೆಕೆಂಡ್ ಅಳೆಯುವುದು. ಒಮ್ಮೆ ನೇರ, ಒಮ್ಮೆ "ರಿವರ್ಸ್" ಆಯ್ಕೆ ಹಾಕಿ ಉಲ್ಟಾ. ಒಂದೇ ದಿಕ್ಕಿನಲ್ಲಿ ಅಳೆದು ಸುಮ್ಮನಾದರೆ ಅರ್ಧ ದೋಷಗಳು ಕಾಣುವುದೇ ಇಲ್ಲ.

ಹಾಲಿನ ಕಂಪ್ಯೂಟರ್ ಮತ್ತು ನ್ಯಾಸ್: 941, 940. ಮೇಲಿನ ಕಂಪ್ಯೂಟರ್ ಮತ್ತು ನ್ಯಾಸ್: 94.1, 71. ಮೇಲಿನ ಕಂಪ್ಯೂಟರ್ ಮತ್ತು ಅದೇ ಸ್ವಿಚ್‌ಗೆ ಸಿಕ್ಕಿಸಿದ ಲ್ಯಾಪ್‌ಟಾಪ್: 941, 941.

ನೆನಪಿಡಬೇಕಾದ ಅಂಕೆ ಎರಡು. 100ರ ಲಿಂಕ್ ತುಂಬಿ ಹರಿದಾಗ ಟಿಸಿಪಿಯಲ್ಲಿ (ಕಳೆದುಹೋದದ್ದನ್ನು ಮತ್ತೆ ಕಳಿಸಿ ಡೇಟಾ ಪೂರ್ತಿ ತಲುಪಿಸುವ ವಿಧಾನ) ಸಿಗುವುದು ಸುಮಾರು 94, 1000ದಲ್ಲಿ ಸುಮಾರು 941. ಉಳಿದದ್ದು ಹೆಡರುಗಳಿಗೆ (ಪ್ರತಿ ಪ್ಯಾಕೆಟ್ಟಿನ ವಿಳಾಸದಂಥ ವಿವರ) ಹೋಗುತ್ತದೆ. ಹಾಗಾಗಿ ಎಲ್ಲೇ ಆಗಲಿ 94 ಕಂಡರೆ ದಾರಿಯಲ್ಲಿ ಒಂದು 100ರ ಲಿಂಕ್ ಇದೆ ಎಂದೇ ಲೆಕ್ಕ. ಮೇಲಿನ ಕಂಪ್ಯೂಟರಿನ ಉಲ್ಟಾ ದಿಕ್ಕಿನ 71 ಮಾತ್ರ ಇದಕ್ಕೆ ಹೊಂದುವುದಿಲ್ಲ. 100ರ ಲಿಂಕೂ ಪೂರ್ತಿ ಸಿಗುತ್ತಿಲ್ಲ ಎಂದರೆ ಅಲ್ಲಿ ಡೇಟಾ ಕೆಟ್ಟುಹೋಗಿ ಮತ್ತೆ ಮತ್ತೆ ಕಳಿಸಬೇಕಾಗುತ್ತಿದೆ. ಆಗ ಅದನ್ನು "ಚಿಕ್ಕ ವ್ಯತ್ಯಾಸ" ಎಂದು ಬಿಟ್ಟದ್ದು ತಪ್ಪು. ಮೂರನೇ ಹಂತದ ಉತ್ತರ ಆ ಅಂಕೆಯಲ್ಲೇ ಇತ್ತು.

ಹಂತ 2. ಓಎನ್‌ಟಿಯಿಂದ ರೌಟರಿಗೆ (ಶನಿವಾರ)

ಸೇವಾ ಕಂಪನಿ ಕೊಡುವ ಓಎನ್‌ಟಿಗಳಲ್ಲಿ ನಾಲ್ಕು ಪೋರ್ಟ್ ಇದ್ದರೂ ಎಷ್ಟೋ ಮಾದರಿಗಳಲ್ಲಿ ಗಿಗಾಬಿಟ್ ಇರುವುದು ಒಂದೇ, ಉಳಿದ ಮೂರು 100ರವು. ಇಲ್ಲಿಯೂ ಹಾಗೆಯೇ. ಕೆಳಗಿನ ಚೀಟಿಯಲ್ಲಿ ಲ್ಯಾನ್ 1ರ ಮುಂದೆ ಜಿಇ (ಗಿಗಾಬಿಟ್), ಉಳಿದವಕ್ಕೆ ಎಫ್‌ಇ (100) ಎಂದಿದೆ. ಕೇಬಲ್ ಇದ್ದದ್ದು ಲ್ಯಾನ್ 2ರಲ್ಲಿ.

ಲ್ಯಾನ್ 1ಕ್ಕೆ ಬದಲಿಸಿದರೂ ಲಿಂಕ್ 100. ಹಾಗಾದರೆ ಪೋರ್ಟ್ ಕಾರಣ ಅಲ್ಲ ಎಂದುಕೊಂಡು ವಾಪಸ್ ಲ್ಯಾನ್ 2ಕ್ಕೇ ಹಾಕಿ, ಕೇಬಲ್ ಬದಲಿಸಿದರೂ 100. ಆಮೇಲೆ ರೌಟರಿನ ವ್ಯಾನ್ ಪೋರ್ಟೇ ಹೋಗಿದೆ ಎಂದು ಅನುಮಾನ, ಫ್ಯಾಕ್ಟರಿ ರೀಸೆಟ್, ಪಿಪಿಪಿಒಇ (ಸೇವಾ ಕಂಪನಿಗೆ ರೌಟರ್ ಲಾಗಿನ್ ಆಗುವ ವಿಧಾನ) ಪಾಸ್‌ವರ್ಡ್ ಹುಡುಕಾಟ. ಒಂದೂವರೆ ಗಂಟೆ ಹೋಯಿತು.

ಇದ್ದದ್ದು ಒಂದರ ಹಿಂದೆ ಒಂದು ಎರಡು ದೋಷ. ಡಬ್ಬಿಯೊಂದಿಗೆ ಬಂದಿದ್ದ ಪ್ಯಾಚ್ ಕಾರ್ಡ್‌ನ (ಎರಡೂ ಕಡೆ ಪ್ಲಗ್ ಇರುವ ಗಿಡ್ಡ ಕೇಬಲ್) ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ನಾಲ್ಕೇ ತಂತಿ: ಕಿತ್ತಳೆ ಜೋಡಿ, ಹಸಿರು ಜೋಡಿ. ಎಂಟು ಚಿನ್ನದ ಬಣ್ಣದ ಪಿನ್ನುಗಳಲ್ಲಿ 4, 5, 7, 8ರ ಹಿಂದೆ ಖಾಲಿ. 100ಕ್ಕೆ 1, 2, 3, 6 ಸಾಕು. ಗಿಗಾಬಿಟ್‌ಗೆ ನಾಲ್ಕು ಜೋಡಿಯೂ ಬೇಕು. ಪೋರ್ಟ್ ಸರಿಪಡಿಸಿದಾಗ ಕೇಬಲ್ ತಡೆಯಿತು, ಕೇಬಲ್ ಸರಿಪಡಿಸಿದಾಗ ಪೋರ್ಟ್ ತಡೆಯಿತು. ಒಂದು ಸರಿ ಎಂದು ಗೊತ್ತಿರುವ ಬದಲಾವಣೆಯನ್ನು "ಫಲ ಕಾಣಲಿಲ್ಲ" ಎಂದು ವಾಪಸ್ ತೆಗೆಯಬಾರದು. ಹಾಗೇ ಬಿಟ್ಟು ಮುಂದಿನದಕ್ಕೆ ಕೈ ಹಾಕಬೇಕು. ಲ್ಯಾನ್ 1, ಎಂಟು ತಂತಿಯ ಹೊಸ ಕಾರ್ಡ್ (₹130), ಎರಡೂ ಒಟ್ಟಿಗೆ ಆದಾಗ ಲಿಂಕ್ 1000.

ಆದರೆ ಸ್ಪೀಡ್ ಟೆಸ್ಟ್ ತೋರಿಸಿದ್ದು 97.

94 ಅಲ್ಲ, 97. 100ರ ಲಿಂಕಿನಲ್ಲಿ ಟಿಸಿಪಿ 95 ದಾಟಲಾರದು. ಆದ್ದರಿಂದ ಇನ್ನು ತಡೆಯುತ್ತಿರುವುದು ತಂತಿ ಅಲ್ಲ, ಸಾಫ್ಟ್‌ವೇರ್. ರೀಸೆಟ್ ಆದ ಮೇಲೆ ಹಳೆಯ ಬ್ಯಾಕಪ್ ಫೈಲಿನಿಂದ ಸೆಟ್ಟಿಂಗ್ ಮರಳಿ ತುಂಬಿಸಿದ್ದರಲ್ಲಿ ಕ್ಯೂಒಎಸ್ (ಬ್ಯಾಂಡ್‌ವಿಡ್ತ್ ಹಂಚಿ ಮಿತಿ ಹಾಕುವ ಸೌಲಭ್ಯ) ಆನ್ ಇತ್ತು. ಒಟ್ಟು ಬ್ಯಾಂಡ್‌ವಿಡ್ತ್ 100 ಎಂದು ಹಳೆಯ ಪ್ಲಾನಿನ ಕಾಲದಲ್ಲಿ ಬರೆದದ್ದು ಹಾಗೇ ಉಳಿದಿತ್ತು. ಅದನ್ನು 300 ಮಾಡಿದರೆ 210 ಬಂತು, ಪೂರ್ತಿ ಆಫ್ ಮಾಡಿದರೆ 291. ಮನೆಬಳಕೆಯ ಹಲವು ರೌಟರುಗಳಲ್ಲಿ ಕ್ಯೂಒಎಸ್, ಪೇರೆಂಟಲ್ ಕಂಟ್ರೋಲ್ ಅಥವಾ ಸಾಧನವಾರು ಬಳಕೆಯ ಲೆಕ್ಕ ಆನ್ ಮಾಡಿದರೆ ಹಾರ್ಡ್‌ವೇರ್ ನ್ಯಾಟ್ (ಪ್ಯಾಕೆಟ್ಟುಗಳನ್ನು ಸಿಪಿಯು ಮುಟ್ಟದೆ ದಾಟಿಸುವ ವ್ಯವಸ್ಥೆ) ಆಫ್ ಆಗುತ್ತದೆ, ಪ್ರತಿ ಪ್ಯಾಕೆಟ್ಟೂ ಸಿಪಿಯು ಕೈಗೆ ಹೋಗುತ್ತದೆ. 50, 100ರ ಪ್ಲಾನಿನಲ್ಲಿ ಇದು ಗೊತ್ತಾಗುವುದಿಲ್ಲ. 300ರಲ್ಲಿ ಗೊತ್ತಾಗುತ್ತದೆ, ಪಿಪಿಪಿಒಇ ಇದ್ದರೆ ಇನ್ನೂ ಜಾಸ್ತಿ.

ನಾಲ್ಕು ತಂತಿಯ ಹಳೆಯ ಕಾರ್ಡ್ ಎಸೆಯಲಿಲ್ಲ. ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ ಟೂಲ್ ಪೆಟ್ಟಿಗೆಯಲ್ಲಿ ಇಟ್ಟಿದ್ದು. ಹಂತ 4ರಲ್ಲಿ ಬೇಕಾಯಿತು.

ಹಂತ 3. ಗೋಡೆಯೊಳಗಿನ ಕೇಬಲ್ (ಭಾನುವಾರ, ಸೋಮವಾರ ಸಂಜೆ)

ಹೆಚ್ಚು ಮೈಕೈ ನೋವಾದ ಹಂತ ಇದು.

ಲ್ಯಾನ್ ಟೆಸ್ಟರ್ (₹180) ಸಿಕ್ಕಿಸುವ ಮೊದಲು ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ನಾಲ್ಕೂ ಜೋಡಿ ನೋಡಿ. ಇಲ್ಲಿ ಕಂದು ಜೋಡಿಯಲ್ಲಿ 12.1 ವೋಲ್ಟ್ ಬಂತು. ಮೆಟ್ಟಿಲ ಬಳಿಯ ಜಂಕ್ಷನ್ ಬಾಕ್ಸ್ ಬಿಚ್ಚಿದಾಗ ಕಾರಣ ಕಂಡಿತು. ಕ್ಯಾಮೆರಾ ಹಾಕಿದವರು ಬೇರೆ ವೈರ್ ಎಳೆಯುವ ಬದಲು ಲ್ಯಾನ್ ಕೇಬಲ್‌ನ ಕಂದು ಜೋಡಿ ಕತ್ತರಿಸಿ, ಅದರಲ್ಲೇ ಕ್ಯಾಮೆರಾದ 12 ವೋಲ್ಟ್ ಕಳಿಸಿದ್ದಾರೆ. 100ರ ಲಿಂಕಿಗೆ ಕಂದು ಜೋಡಿ ಬೇಡ, ಹಾಗಾಗಿ ಅಂದು ಯಾರಿಗೂ ತೊಂದರೆ ಆಗಲಿಲ್ಲ. ಆ ಸ್ಥಿತಿಯಲ್ಲಿ ಟೆಸ್ಟರ್ ಹಾಕಿದ್ದರೆ ಅದು ಸುಟ್ಟುಹೋಗಬಹುದಿತ್ತು.

ನಡುವೆ ಜೋಡಿಸಿ ಟೇಪ್ ಸುತ್ತುವುದು ಬೇಡ ಎಂದು ಪೂರ್ತಿ ಹೊಸ ಕೇಬಲ್ ಎಳೆಯುವುದೆಂದು ತೀರ್ಮಾನ. ಪೈಪಿನ ದಾರಿ 18 ಮೀಟರ್, ಎರಡೂ ತುದಿಗೆ ಒಂದೊಂದು ಮೀಟರ್ ಬಿಟ್ಟು 20. ಈ ಪೈಪಿನಲ್ಲಿ ಕರೆಂಟಿನ ವೈರ್ ಇಲ್ಲ ಎಂದು ಮೊದಲು ಖಚಿತ ಮಾಡಿಕೊಂಡದ್ದು. ಇದ್ದಿದ್ದರೆ ಅದೇ ಪೈಪಿನಲ್ಲಿ ಎಳೆಯುತ್ತಿರಲಿಲ್ಲ.

ಮೊದಲ ಕೇಬಲ್ ಬಡಾವಣೆಯ ಅಂಗಡಿಯದ್ದು, ಮೀಟರಿಗೆ ₹14, 25 ಮೀಟರ್ ₹350. ಹೊರಗೆ ಕ್ಯಾಟ್6 (ಲ್ಯಾನ್ ಕೇಬಲ್‌ನ ಒಂದು ದರ್ಜೆ) ಎಂದು ಅಚ್ಚಾಗಿದೆ. ಮನೆಗೆ ತಂದು ಬ್ಲೇಡಿನಲ್ಲಿ ಒಂದು ತಂತಿ ಕೆರೆದರೆ ತಾಮ್ರದ ಕೆಳಗೆ ಬೆಳ್ಳಗೆ ಹೊಳೆಯಿತು. ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ. ಖಾತ್ರಿಗೆ ಒಂದು ತುದಿಯಲ್ಲಿ ಜೋಡಿಯ ಎರಡು ತಂತಿ ಸೇರಿಸಿ ಹೊಸೆದು, ಇನ್ನೊಂದು ತುದಿಯಲ್ಲಿ ಓಮ್ ಅಳೆದದ್ದು. ಮೀಟರ್ ತಂತಿಯ 0.3 ಕಳೆದು, 20 ಮೀಟರಿಗೆ ಲೆಕ್ಕ ಹಾಕಿದರೆ 4.4 ಓಮ್. 23 ಗೇಜಿನ ಅಪ್ಪಟ ತಾಮ್ರವಾಗಿದ್ದರೆ ಹೋಗಿ ಬರುವ 40 ಮೀಟರಿಗೆ 2.7ರ ಆಸುಪಾಸು ಇರಬೇಕು. ಇಂಥ ಕೇಬಲ್ ಸಣ್ಣ ದೂರಕ್ಕೆ ನಡೆಯಬಹುದು, ಆದರೆ ಕ್ರಿಂಪ್ ಮಾಡಿದ (ಪ್ಲಗ್ ಒತ್ತಿ ಕೂರಿಸಿದ) ಜಾಗದಲ್ಲಿ, ಬಾಗಿದ ಜಾಗದಲ್ಲಿ ಮುರಿಯುತ್ತದೆ. ಪಿಒಇ (ಲ್ಯಾನ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವುದು) ಹಾಕಿದರೆ ಬಿಸಿಯಾಗುತ್ತದೆ. ಗೋಡೆಯೊಳಗೆ ಹೋಗುವುದಕ್ಕೆ ಇದು ಬೇಡವೇ ಬೇಡ. ಕತ್ತರಿಸಿದ್ದರಿಂದ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಬ್ಲೇಡ್ ಜೇಬಿನಲ್ಲಿಟ್ಟುಕೊಂಡು ಅಂಗಡಿಯಲ್ಲೇ ಕೆರೆದು ನೋಡಬೇಕಿತ್ತು. ಎಸ್‌.ಪಿ. ರೋಡಿನಿಂದ ಅಪ್ಪಟ ತಾಮ್ರದ ಕ್ಯಾಟ್6, ಮೀಟರಿಗೆ ₹32, 25 ಮೀಟರ್ ₹800.

ಹಳೆಯ ಕೇಬಲ್‌ಗೆ ಹೊಸದನ್ನು ಕಟ್ಟಿ ಎಳೆದದ್ದು. ಮೊದಲ ಸಲ ಎರಡನ್ನೂ ಒಂದರ ಮೇಲೊಂದಿಟ್ಟು ದಪ್ಪಗೆ ಟೇಪ್ ಸುತ್ತಿದ್ದರಿಂದ ಎರಡನೇ ಬೆಂಡಿನಲ್ಲಿ ಗಂಟು ಸಿಕ್ಕಿಕೊಂಡು ಕಿತ್ತು ಬಂತು. ಹಳೆಯದು ಕೈಗೆ ಬಂತು, ಹೊಸದು ಪೈಪಿನೊಳಗೇ ಉಳಿಯಿತು. ಆಮೇಲೆ ಎಲೆಕ್ಟ್ರಿಷಿಯನ್ ಬಳಿಯಿಂದ ವೈರ್ ಎಳೆಯುವ ಸ್ಪ್ರಿಂಗ್ ತಂದು, ಮೇಲಿನಿಂದ ಇಳಿಸಿ, ಹೊಸ ಕೇಬಲ್‌ನ ನಾಲ್ಕು ಜೋಡಿಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ, ತುದಿ ಚೂಪಾಗುವಂತೆ ಒಂದೊಂದಾಗಿ ಕೊಕ್ಕೆಗೆ ಕಟ್ಟಿ, ಒಂದೇ ಪದರ ಟೇಪ್. ಪೈಪಿನ ಬಾಯಿಗೆ ಟಾಲ್ಕಂ ಪೌಡರ್. ಒಬ್ಬರು ಮೇಲೆ ಎಳೆಯುವುದು, ಇನ್ನೊಬ್ಬರು ಕೆಳಗೆ ಸುರುಳಿ ಬೀಳದಂತೆ ಒಳಗೆ ಕೊಡುವುದು. ಎಳೆತ ಬಿಗಿ ಎನಿಸಿದರೆ ನಿಲ್ಲಿಸಿ, ಒಂದಡಿ ಹಿಂದಕ್ಕೆ ಬಿಟ್ಟು ಮತ್ತೆ. ಹತ್ತು ನಿಮಿಷದಲ್ಲಿ ಬಂತು.

ಈಗ ಈ ಕೆಲಸದ ಅತಿ ದೊಡ್ಡ ತಪ್ಪು. ಕ್ರಿಂಪ್ ಮಾಡುವಾಗ ಬಣ್ಣಗಳ ಕ್ರಮಕ್ಕೆ ಹಳೆಯ ಪ್ಲಗ್ಗನ್ನೇ ನೋಡಿಕೊಂಡದ್ದು. ಹಳೆಯದರಲ್ಲಿ ಇದ್ದದ್ದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ನೋಡಲು ಅಚ್ಚುಕಟ್ಟು, ಜೋಡಿ ಜೋಡಿಯಾಗಿಯೇ ಸಾಲು. ಎರಡೂ ತುದಿ ಒಂದೇ ಥರ ಮಾಡಿ ಟೆಸ್ಟರ್ ಹಾಕಿದರೆ 1ರಿಂದ 8ರವರೆಗೆ ಎಂಟೂ ದೀಪ ಸರಿಯಾಗಿ ಹತ್ತಿದವು. ಲಿಂಕ್ 1000 ಬಂತು, ಎರಡು ನಿಮಿಷದಲ್ಲಿ ಬಿತ್ತು, ಮತ್ತೆ ಬಂತು, ಕೊನೆಗೆ 100ಕ್ಕೆ ಇಳಿದು ನಿಂತಿತು. ಐಪರ್ಫ್‌ನಲ್ಲಿ 20ರಿಂದ 60ರವರೆಗೆ ಓಲಾಟ. ಲ್ಯಾಪ್‌ಟಾಪ್ ನೇರ ಸಿಕ್ಕಿಸಿ ಈಥ್‌ಟೂಲ್‌ನ ಅಂಕಿಅಂಶ ನೋಡಿದರೆ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟುಹೋಗಿ ಬಂದ ಡೇಟಾ) ನಿಮಿಷಕ್ಕೆ ಸಾವಿರ ದಾಟುತ್ತಿತ್ತು.

ಅಗ್ಗದ ಟೆಸ್ಟರ್ ನೋಡುವುದು ತಂತಿ ಈ ತುದಿಯಿಂದ ಆ ತುದಿಗೆ ಹೋಗಿದೆಯೇ ಎಂದಷ್ಟೇ. ಯಾವುದು ಯಾವುದರ ಜೊತೆ ಹೊಸೆದುಕೊಂಡಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಪೋರ್ಟು ಪಿನ್ 3 ಮತ್ತು 6ನ್ನು ಒಂದು ಜೋಡಿ ಎಂದು, 4 ಮತ್ತು 5ನ್ನು ಇನ್ನೊಂದು ಜೋಡಿ ಎಂದು ಬಳಸುತ್ತದೆ. ಮೇಲಿನ ಕ್ರಮದಲ್ಲಿ 3 ಹಸಿರು ಹೊಸೆತದಲ್ಲಿದೆ, 6 ನೀಲಿಯಲ್ಲಿದೆ. 4, 5ರದ್ದೂ ಅದೇ ಕಥೆ. ಎರಡು ಸಿಗ್ನಲ್ ಒಂದರೊಳಗೊಂದು ಸೋರುತ್ತವೆ. 100ರಲ್ಲಿ 4, 5 ಸುಮ್ಮನಿರುತ್ತವೆ. ಆದ್ದರಿಂದಲೇ ಹಳೆಯ ಕೇಬಲ್ ಇಷ್ಟು ವರ್ಷ ಹೇಗೋ ನಡೆದದ್ದು, ಆದರೂ ಒಂದು ದಿಕ್ಕಿನಲ್ಲಿ 71ಕ್ಕೆ ಬಿದ್ದದ್ದು.

ಸರಿಯಾದ ಟಿ568ಬಿ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಜೋಡಿ ನಡುವೆ, ಅದರ ಎರಡು ಕಡೆ ಹಸಿರು ಹರಡಿಕೊಂಡಿರುತ್ತದೆ. ಕಣ್ಣಿಗೆ ಅಚ್ಚುಕಟ್ಟಾಗಿ ಕಾಣದಿದ್ದರೂ ಅದೇ ಸರಿ.

ಪ್ಲಗ್ ಕತ್ತರಿಸಿ, ಗೋಡೆಯ ಎರಡೂ ಕಡೆ ಕೀಸ್ಟೋನ್ ಜ್ಯಾಕ್ (ಗೋಡೆಯ ಸಾಕೆಟ್, ಎರಡಕ್ಕೆ ₹280), ಬಾಕ್ಸ್ ಮತ್ತು ಪ್ಲೇಟ್ (₹180) ಹಾಕಿದ್ದು. ಗೋಡೆಯ ಗಟ್ಟಿ ತಂತಿಯ ಕೇಬಲ್‌ಗೆ ಪ್ಲಗ್‌ಗಿಂತ ಜ್ಯಾಕ್ ಒಳ್ಳೆಯದು, ಬಾಗಿ ಬಾಗಿ ಮುರಿಯುವುದಿಲ್ಲ. ಹೊಸೆತ ಬಿಚ್ಚುವುದು 13 ಮಿ.ಮೀ. ಒಳಗೇ ಇರಬೇಕು, ಅಂದರೆ ಕಿರುಬೆರಳಿನ ಅಗಲ. ಪ್ಲಗ್ಗೇ ಬೇಕೆಂದರೆ ಕ್ಯಾಟ್6ಕ್ಕೆಂದೇ ಬರುವ ಪ್ಲಗ್ ತನ್ನಿ. ಹತ್ತಕ್ಕೆ ₹150 ಕೊಟ್ಟು ತಂದದ್ದರಲ್ಲಿ ಕೆಟ್ಟ ಕ್ರಿಂಪಿಗೆ ಎರಡು ಹೋದವು. ಕ್ಯಾಟ್5ಇ ಪ್ಲಗ್ಗಿನೊಳಗೆ 23 ಗೇಜಿನ ತಂತಿ ತುದಿಯವರೆಗೆ ಹೋಗುವುದೇ ಇಲ್ಲ. ಕ್ರಿಂಪಿಂಗ್ ಟೂಲ್ ₹450. ಮೇಲಿನ ಜ್ಯಾಕಿನಿಂದ ಸ್ವಿಚ್‌ಗೆ ಒಂದು ರೆಡಿಮೇಡ್ ಕಾರ್ಡ್ ₹130. ಕ್ಯಾಮೆರಾಕ್ಕೆ ಬೇರೆ ಎರಡು ಕೋರ್ ವೈರ್, 20 ಮೀಟರ್ ₹240.

ಲಿಂಕ್ 1000. ಐಪರ್ಫ್ 20 ನಿಮಿಷ ಓಡಿಸಿದರೂ ಎರಡೂ ದಿಕ್ಕಿನಲ್ಲಿ 941, ಸಿಆರ್‌ಸಿ ಎರರ್ ಸೊನ್ನೆ.

ಹಂತ 4. ಟಿವಿ ಹಾಕಿದರೆ ನ್ಯಾಸ್ ಕುಂಟುವುದು (ಮಂಗಳವಾರ)

ಈ ಮೂರು ದಿನದ ಕೆಲಸದಿಂದ ಎರಡನೇ ದೂರಿಗೆ ಏನೂ ವ್ಯತ್ಯಾಸ ಆಗಲಿಲ್ಲ. ಹಾಲಿನ ಕಂಪ್ಯೂಟರ್, ನ್ಯಾಸ್, ಎರಡೂ 1000ದಲ್ಲೇ ಇವೆ, ಕೇಬಲ್ ಚೆನ್ನಾಗಿವೆ. ಆದರೂ ಟಿವಿ ನ್ಯಾಸ್‌ನಿಂದ ದೊಡ್ಡ ಫೈಲ್ ಎಳೆಯುವಾಗ ಕಂಪ್ಯೂಟರಿನ ಕಾಪಿ ಬಿದ್ದುಹೋಗುತ್ತದೆ.

ಮೊದಲ ಪ್ರಯತ್ನ ಸೋತದ್ದು, ₹1,150. "ನಿಧಾನದವನ್ನು ಬೇರೆ ಸ್ವಿಚ್‌ಗೆ ಹಾಕಿ" ಎಂಬ ಸಲಹೆಯಂತೆ ಹೊಸ ಗಿಗಾಬಿಟ್ ಸ್ವಿಚ್ ತಂದು ಟಿವಿಯನ್ನು ಅದಕ್ಕೆ ಹಾಕಿ, ಅದನ್ನು ರೌಟರಿಗೆ ಹಾಕಿದ್ದು. ಏನೂ ಸುಧಾರಿಸಲಿಲ್ಲ. ಅಳತೆ ಮಾಡದೆ ಸಾಮಾನು ಕೊಂಡದ್ದು ಇಡೀ ಕೆಲಸದಲ್ಲಿ ಇದೊಂದೇ ಸಲ, ದುಡ್ಡು ಹೆಚ್ಚು ಹೋದದ್ದೂ ಅಲ್ಲೇ.

ಆಮೇಲೆ ಪರೀಕ್ಷೆ. ಟಿವಿಯಲ್ಲಿ ಐಪರ್ಫ್ ಓಡಿಸಲಾಗದು, ಹಾಗಾಗಿ ಲ್ಯಾಪ್‌ಟಾಪನ್ನೇ 100ರ ಸಾಧನ ಮಾಡಬೇಕು. ಕೆಂಪು ಟೇಪಿನ ನಾಲ್ಕು ತಂತಿಯ ಕಾರ್ಡ್ ಇಲ್ಲಿ ಉಪಯೋಗಕ್ಕೆ ಬಂತು: ಅದರಲ್ಲಿ ಸಿಕ್ಕಿಸಿದರೆ ಲಿಂಕ್ 100 ಫುಲ್ ಡ್ಯೂಪ್ಲೆಕ್ಸಿಗೆ ತಾನೇ ಇಳಿಯಿತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹೀಗೆ ಇಳಿಯದೆ ಲಿಂಕೇ ಬಾರದಿರಬಹುದು. ಆಗ ಅಡಾಪ್ಟರ್ ಸೆಟ್ಟಿಂಗಿನಲ್ಲಿ 100 ಮಾತ್ರ ಸಾರುವಂತೆ ಮಾಡಿ, ಆಟೋ ನೆಗೋಷಿಯೇಷನ್ (ಎರಡು ತುದಿಯೂ ತಾವೇ ವೇಗ ಮಾತಾಡಿಕೊಳ್ಳುವುದು) ಆಫ್ ಮಾಡಬೇಡಿ.

ನ್ಯಾಸ್‌ನಲ್ಲಿ ಎರಡು ಐಪರ್ಫ್ ಸರ್ವರ್, ಪೋರ್ಟ್ 5201 ಮತ್ತು 5202. ಒಂದೇ ಸರ್ವರಿಗೆ ಇಬ್ಬರು ಹೋದರೆ ಎರಡನೆಯವರಿಗೆ "ಬಿಜಿ" ಎನ್ನುತ್ತದೆ. ಎರಡೂ ಕಡೆಯಿಂದ ರಿವರ್ಸ್, ಅಂದರೆ ಕಳಿಸುವವರು ನ್ಯಾಸ್.

ಹಾಲಿನ ಕಂಪ್ಯೂಟರ್ ಒಂದೇ: 941.
100ರ ಲ್ಯಾಪ್‌ಟಾಪ್ ಒಂದೇ: 94.
ಎರಡೂ ಒಟ್ಟಿಗೆ: ಲ್ಯಾಪ್‌ಟಾಪ್ 93, ಹಾಲಿನ ಕಂಪ್ಯೂಟರ್ 110ರಿಂದ 190.

ನ್ಯಾಸ್‌ನ ಲಿಂಕಿನಲ್ಲಿ 941ರಷ್ಟು ಜಾಗವಿದೆ, ಬಳಕೆ ಒಟ್ಟು 300 ಕೂಡ ಇಲ್ಲ. ಕಾರಣ ಹುಡುಕಿದ್ದು ನ್ಯಾಸ್‌ನ ನೆಟ್‌ವರ್ಕ್ ಕಾರ್ಡಿನ ಅಂಕಿಅಂಶದಲ್ಲಿ. ಈಥ್‌ಟೂಲ್‌ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟಾಗ ಬರುವ ಪಟ್ಟಿಯಲ್ಲಿ ಫ್ಲೋ ಕಂಟ್ರೋಲ್ ಎಕ್ಸ್‌ಆಫ್ ("ನಿಲ್ಲು" ಸೂಚನೆಗಳ ಎಣಿಕೆ) ಎಂಬ ಸಾಲು, ಒಂಟಿ ಪರೀಕ್ಷೆಯಲ್ಲಿ ಕದಲದೆ ಇದ್ದದ್ದು, ಜಂಟಿ ಪರೀಕ್ಷೆಯ 30 ಸೆಕೆಂಡಿನಲ್ಲಿ ಸಾವಿರಗಟ್ಟಲೆ ಏರಿತು. ಈ ಸಾಲಿನ ಹೆಸರು ಚಿಪ್ಪಿನಿಂದ ಚಿಪ್ಪಿಗೆ ಬದಲಾಗುತ್ತದೆ, ಕೆಲವಲ್ಲಿ ಇರುವುದೇ ಇಲ್ಲ.

ಆಗುತ್ತಿರುವುದು ಇಷ್ಟು. ಗಿಗಾಬಿಟ್‌ನಲ್ಲಿ ಬಂದದ್ದನ್ನು ಸ್ವಿಚ್ 100ರ ಪೋರ್ಟಿನಿಂದ ಹೊರಗೆ ಹಾಕಬೇಕು. ಅದರ ಬಫರ್ (ಡೇಟಾ ಕಾಯುವ ಜಾಗ) ಚಿಕ್ಕದು, ತುಂಬುತ್ತದೆ. ತುಂಬಿದಾಗ ಅದು ನ್ಯಾಸ್‌ಗೆ "ಸ್ವಲ್ಪ ನಿಲ್ಲು" ಎಂಬ ಪಾಸ್ (pause) ಫ್ರೇಮ್ ಕಳಿಸುತ್ತದೆ. ಯಾರಿಗೆ ಕಳಿಸುವುದನ್ನು ನಿಲ್ಲಿಸಬೇಕು ಎಂಬುದು ಆ ಫ್ರೇಮಿನಲ್ಲಿ ಇಲ್ಲ. ನ್ಯಾಸ್ ಎಲ್ಲರಿಗೂ ನಿಲ್ಲಿಸುತ್ತದೆ, ಕಂಪ್ಯೂಟರಿಗೆ ಹೋಗಬೇಕಾದ ಡೇಟಾ ಟಿವಿಯ ಡೇಟಾದ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ಹೊಸ ಸ್ವಿಚ್ ಸೇರಿಸಿದಾಗ ಅದು ರೌಟರನ್ನು ನಿಲ್ಲಿಸಿತು, ರೌಟರ್ ನ್ಯಾಸನ್ನು ನಿಲ್ಲಿಸಿತು. ತಡೆ ಒಂದು ಮೆಟ್ಟಿಲು ಆಚೆ ಹೋಯಿತೇ ಹೊರತು ತಪ್ಪಲಿಲ್ಲ.

ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಅಲ್ಲದ ಸ್ವಿಚ್‌ನಲ್ಲಿ, ಇಂಥ ರೌಟರಿನಲ್ಲಿ ಇದನ್ನು ಆಫ್ ಮಾಡಲು ಬಟನ್ ಇಲ್ಲ. ಆದರೆ ಲಿಂಕಿನ ಎರಡೂ ಕಡೆ ಒಪ್ಪಿದರೆ ಮಾತ್ರ ಪಾಸ್ ನಡೆಯುವುದು. ಹಾಗಾಗಿ ನ್ಯಾಸ್ ಕಡೆ ಒಪ್ಪಿಗೆ ತೆಗೆದರೆ ಸಾಕು. ಲಿನಕ್ಸ್‌ನಲ್ಲಿ ಈಥ್‌ಟೂಲ್‌ನ ದೊಡ್ಡಕ್ಷರದ ಎ ಆಯ್ಕೆಯಲ್ಲಿ ಪಾಸ್‌ನ ಆಟೋನೆಗ್, ಆರ್‌ಎಕ್ಸ್, ಟಿಎಕ್ಸ್ ಮೂರೂ ಆಫ್. ಚಿಕ್ಕಕ್ಷರದ ಎ ಹಾಕಿ ಆಗಿದೆಯೇ ನೋಡಿಕೊಳ್ಳಿ. ಆಗ ಲಿಂಕ್ ಎರಡು ಮೂರು ಸೆಕೆಂಡ್ ಹೋಗಿ ಬರುತ್ತದೆ, ಕಾಪಿ ನಡೆಯುತ್ತಿರುವಾಗ ಮಾಡಬೇಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್, ನೆಟ್‌ವರ್ಕ್ ಅಡಾಪ್ಟರ್, ಅಡ್ವಾನ್ಸ್ಡ್ ಟ್ಯಾಬ್, ಫ್ಲೋ ಕಂಟ್ರೋಲ್, ಡಿಸೇಬಲ್ಡ್.

ಮತ್ತೆ ಎರಡೂ ಒಟ್ಟಿಗೆ: ಲ್ಯಾಪ್‌ಟಾಪ್ 93, ಹಾಲಿನ ಕಂಪ್ಯೂಟರ್ 846. ಒಟ್ಟು 939, ನ್ಯಾಸ್ ಲಿಂಕ್ ಪೂರ್ತಿ ತುಂಬಿದೆ.

ಇದಕ್ಕೆ ಒಂದು ಬೆಲೆ ಇದೆ. ಲ್ಯಾಪ್‌ಟಾಪ್ ಕಡೆಯ ಐಪರ್ಫ್‌ನಲ್ಲಿ ಮರುಕಳಿಕೆ ಅಂಕಣ ಸೊನ್ನೆಯಿಂದ ನೂರಾರಕ್ಕೆ ಏರಿತು, ಏಕೆಂದರೆ ಈಗ ಸ್ವಿಚ್ ತುಂಬಿದಾಗ ಪ್ಯಾಕೆಟ್ ಬೀಳಿಸುತ್ತದೆ. ಟಿಸಿಪಿ ಅದನ್ನು ಸಂಭಾಳಿಸಿಕೊಳ್ಳುತ್ತದೆ, ಟಿವಿಯಲ್ಲಿ ಸಿನಿಮಾ ನಿಲ್ಲಲಿಲ್ಲ. ಯುಡಿಪಿಯಲ್ಲಿ (ಬಿದ್ದ ಪ್ಯಾಕೆಟ್ ತಾನೇ ಮತ್ತೆ ಕಳಿಸದ ವಿಧಾನ) ವಿಡಿಯೋ ಕಳಿಸುವ ವ್ಯವಸ್ಥೆ ಇರುವ ಮನೆಯಲ್ಲಿ ಚಿತ್ರ ಒಡೆಯಬಹುದು, ಅಲ್ಲಿ ಮಾಡುವ ಮೊದಲು ಪರೀಕ್ಷಿಸಿ. ಹೊಸ ಸ್ವಿಚ್ ತೆಗೆದು ಟಿವಿಯನ್ನು ರೌಟರಿಗೇ ಹಾಕಿದ್ದು.

ರೀಬೂಟ್ ಆದರೆ ಈ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಮೊದಲ ದಿನ ಇದು ಹೊಳೆಯದೆ, ಮರುದಿನ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ 150. ಸಿಸ್ಟಮ್‌ಡಿಯಲ್ಲಿ (ಲಿನಕ್ಸ್ ಶುರುವಾಗುವಾಗ ಸರ್ವಿಸ್‌ಗಳನ್ನು ಓಡಿಸುವ ವ್ಯವಸ್ಥೆ), ನೆಟ್‌ವರ್ಕ್ ಬಂದ ನಂತರ ಒಮ್ಮೆ ಓಡುವ ಸಣ್ಣ ಸರ್ವಿಸ್ ಬರೆದಿಟ್ಟ ಮೇಲೆ ಸರಿಹೋಯಿತು.

ಹಂತ 5. ಸಿಸಿಟಿವಿ ರೆಕಾರ್ಡರ್ (ಮಂಗಳವಾರ ರಾತ್ರಿ, ಹದಿನೈದು ನಿಮಿಷ)

ಪಿಂಗ್ ಸರಿಯಾಗಿದೆ, ಲೈವ್ ಚಿತ್ರವೂ ಬರುತ್ತದೆ, ದೊಡ್ಡ ಫೈಲ್ ಮಾತ್ರ ಸಾಯುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ಮೊದಲ ಅನುಮಾನ ಡ್ಯೂಪ್ಲೆಕ್ಸ್ ಮೇಲೆ. ಲ್ಯಾಪ್‌ಟಾಪನ್ನು ನೇರ ರೆಕಾರ್ಡರಿಗೆ ಸಿಕ್ಕಿಸಿ ಈಥ್‌ಟೂಲ್ ನೋಡಿದರೆ: 100, ಹಾಫ್. ರೆಕಾರ್ಡರಿನ ನೆಟ್‌ವರ್ಕ್ ಪುಟದಲ್ಲಿ ಯಾರೋ "100 ಫುಲ್" ಎಂದು ಗಟ್ಟಿ ಮಾಡಿಟ್ಟಿದ್ದಾರೆ. ಗಟ್ಟಿ ಮಾಡಿದರೆ ಆ ಕಡೆ ಆಟೋ ನೆಗೋಷಿಯೇಷನ್ ನಿಲ್ಲುತ್ತದೆ. ಈ ಕಡೆಗೆ ಸಿಗ್ನಲ್ ನೋಡಿ 100 ಎಂದು ಗೊತ್ತಾಗುತ್ತದೆ, ಫುಲ್ಲೋ ಹಾಫೋ ಗೊತ್ತಾಗುವುದಿಲ್ಲ, ನಿಯಮದಂತೆ ಹಾಫ್ ಹಿಡಿಯುತ್ತದೆ. ಒಬ್ಬರು ಇಬ್ಬರೂ ಒಟ್ಟಿಗೆ ಮಾತಾಡಬಹುದು ಎಂದುಕೊಂಡಿದ್ದಾರೆ, ಇನ್ನೊಬ್ಬರು ಸರದಿ ಎಂದುಕೊಂಡಿದ್ದಾರೆ.

"ಆಟೋ"ಗೆ ಬದಲಿಸಿ ರೆಕಾರ್ಡರ್ ರೀಸ್ಟಾರ್ಟ್. 600 ಎಂಬಿಯ ಕ್ಲಿಪ್ ಇಳಿಸಲು ಮೊದಲು 14 ನಿಮಿಷ, ಈಗ ಒಂದೂವರೆ ನಿಮಿಷ. "ಗಟ್ಟಿ ಮಾಡಿದರೆ ಸ್ಪೀಡ್ ಜಾಸ್ತಿ" ಎಂದು ಎಲ್ಲಾದರೂ ಓದಿದರೆ ನಂಬಬೇಡಿ. ಮನೆಯಲ್ಲಿ ಎಲ್ಲ ಕಡೆ ಆಟೋ ಇರಲಿ.

ಖರ್ಚು

ಕ್ರಿಂಪಿಂಗ್ ಟೂಲ್ 450, ಟೆಸ್ಟರ್ 180, ಪ್ಲಗ್ 150, ಜ್ಯಾಕ್ 280, ಬಾಕ್ಸ್-ಪ್ಲೇಟ್ 180, ತಾಮ್ರದ ಕೇಬಲ್ 800, ಎರಡು ಪ್ಯಾಚ್ ಕಾರ್ಡ್ 260, ಕ್ಯಾಮೆರಾ ವೈರ್ 240. ದಂಡ: ಅಲ್ಯುಮಿನಿಯಂ ಕೇಬಲ್ 350, ಬೇಡವಾದ ಸ್ವಿಚ್ 1,150. ಒಟ್ಟು ₹4,040.

ಬಾಕಿ

ಮೆಟ್ಟಿಲ ಬಳಿಯ ಕ್ಯಾಮೆರಾದ 12 ವೋಲ್ಟಿನ ಜಾಯಿಂಟ್ ಇನ್ನೂ ಟೇಪಿನಲ್ಲೇ ಇದೆ, ಮಳೆಗಾಲಕ್ಕೆ ಮೊದಲು ಮುಚ್ಚಳದ ಬಾಕ್ಸಿನೊಳಗೆ ಹೋಗಬೇಕು. ಕ್ಯೂಒಎಸ್ ಆಫ್ ಇರುವುದರಿಂದ ಯಾರಾದರೂ ದೊಡ್ಡ ಫೈಲ್ ಅಪ್‌ಲೋಡ್ ಮಾಡುವಾಗ ವಿಡಿಯೋ ಕಾಲ್ ತಡವರಿಸುತ್ತದೆ. ಅದಕ್ಕೆ ಅಪ್‌ಲೋಡಿಗೆ ಮಾತ್ರ ಮಿತಿ ಹಾಕಿ, ಡೌನ್‌ಲೋಡ್ 291ರಿಂದ ಎಷ್ಟು ಇಳಿಯುತ್ತದೆ ಎಂದು ಮುಂದಿನ ವಾರ ಅಳೆಯುವುದು.